ಕರಗುವ ಚೀಲ

ಚನ್ನಗಿರಿಯ ಪಾರ್ಕಿನ ಬೆನ್ನಿಗೆ ಹರಿಯುವ ಹಳ್ಳಕ್ಕೆ ಹಿಂದೆ ಒಂದು ಹೆಸರಿತ್ತಂತೆ. ಈಗ ಆ ಹೆಸರು ಹಿಡಿದು ಕರೆಯುವವರಿಲ್ಲ. ಹೋಟೆಲುಗಳ ಎಂಜಲು, ಕ್ಷೌರದಂಗಡಿಯ ಕೂದಲು, ಅಡಿಕೆ ಬೇಯಿಸಿ ಚೆಲ್ಲಿದ ಕೆಂಪು ಚೊಗರು, ಸತ್ತ ನಾಯಿ, ಹೀಗೆ ಊರು ಬೇಡವೆಂದದ್ದನ್ನೆಲ್ಲ ಹೊತ್ತು ಸಾಗುವ ನೀರಿಗೆ ಹೆಸರಿಡಲು ಯಾರ ನಾಲಿಗೆಯಾದರೂ ಹೇಸುತ್ತದೆ. ಬರೇ ಹಳ್ಳ, ಅಷ್ಟೇ.

ಎಪ್ಪತ್ತನಾಲ್ಕರಲ್ಲಿ ಪಾರ್ಕು ಆಗುವ ಮೊದಲು ಅದರ ಎರಡೂ ದಂಡೆಗೆ ಹೊಳೆಮತ್ತಿ, ನೀರುನೇರಳೆ ಮರಗಳಿದ್ದವು, ನಡುವೆ ಆಳೆತ್ತರದ ಲಕ್ಕಿ ಪೊದೆಗಳಿದ್ದವು. ಪಾರ್ಕು ಮಾಡಿದವರ ಕಣ್ಣಿಗೆ ಅದು ಕಾಡಾಗಿ ಕಂಡಿತು. ಸರ್ಕಾರದ ದುಡ್ಡಿನಲ್ಲೇ ಎಲ್ಲವನ್ನೂ ಕಡಿಸಿ ಕ್ರೋಟನ್ ಗಿಡ ನೆಟ್ಟರು, ಹಳ್ಳದ ಕಡೆ ಮುಖ ಮಾಡಿ ಸಿಮೆಂಟು ಬೆಂಚು ಹಾಕಿಸಿದರು. ಬೆಂಚಿನ ಮೇಲೆ ಕೂತರೆ ವಾಸನೆ ನೆಟ್ಟಗೆ ಮೂಗಿಗೆ ಬಡಿಯುತ್ತಿದ್ದುದರಿಂದ ಅಲ್ಲಿ ಕಾಗೆಗಳ ಹೊರತು ಯಾರೂ ಕೂರಲಿಲ್ಲ. ಬೇರು ಸತ್ತ ದಂಡೆ ಮಾತ್ರ ಮಳೆಗಾಲಕ್ಕೊಂದಿಷ್ಟು ಜಾರುತ್ತಾ ಬಂತು.

ಆ ಜಾರುವ ದಂಡೆಯ ಮೇಲೆ, ಪಾರ್ಕಿನ ಬಾಲಕ್ಕೆ ಅಂಟಿಕೊಂಡಂತೆ ಹಳ್ಳದೋಣಿ. ಓಣಿಯ ಕೊನೆಯ ಮನೆ ಭೀಮಕ್ಕನದು. ಗಂಡ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಆಕೆ, ಆಕೆಯ ಅತ್ತೆ ಅಜ್ಜಮ್ಮ ಇಬ್ಬರೇ. ಹೋದ ಮಳೆಗಾಲ ಹಿತ್ತಿಲ ನುಗ್ಗೆಮರವೂ ಬಟ್ಟೆ ಒಗೆಯುವ ಕಲ್ಲೂ ಒಂದೇ ಮಧ್ಯಾಹ್ನ ಹಳ್ಳದ ಪಾಲಾಗಿದ್ದವು. ಹಿಂಗೋಡೆಯಿಂದ ಅಂಚಿಗೆ ಈಗ ಐದು ಹೆಜ್ಜೆ. ಆ ಗೋಡೆಗೇ ಆತುಕೊಂಡು ಅಜ್ಜಮ್ಮನ ಮಂಚ.

"ಈ ಕಡೆ ಬಾ ಅತ್ತಿ, ಮುಂದಿನ ಪಡಸಾಲ್ಯಾಗೆ ಹಾಸ್ತೀನಿ" ಎಂದು ಭೀಮಕ್ಕ ಎಷ್ಟೋ ಸಲ ಗೋಗರೆದಿದ್ದಳು.

"ಇಲ್ಲೇ ತಂಪೈತೆ. ಗೋಡಿ ಬಿದ್ರೆ ಹಳ್ಳಕ್ಕೇ ಹೋಗ್ತೀನಿ ಬಿಡು. ಹೊರಾಕೆ ನಾಲ್ಕು ಆಳು ಹುಡುಕೋ ತಾಪತ್ರಯ ತಪ್ತದೆ ನಿಂಗೆ."

ಮುದುಕಿಯ ನಾಲಿಗೆಯೇ ಅಂಥದ್ದು.

ಎಂಬತ್ತೆರಡರ ಕೊನೆಗೆ 'ನಾಲ್ಕೂರ ಹಳ್ಳದಂಡೆ ವನ ಯೋಜನೆ' ಎಂಬ ಬೋರ್ಡು ಪಾರ್ಕಿನ ಗೇಟಿಗೆ ಬಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರಿನ ಪಾರ್ಕುಗಳಲ್ಲಿ ಹಳ್ಳದ ದಂಡೆಗೆ ಮೊದಲಿದ್ದಂಥ ಮರಗಳನ್ನೇ ಮತ್ತೆ ಬೆಳೆಸುವುದಂತೆ. ಕಡಿಸಿದ್ದೂ ಸರ್ಕಾರವೇ, ನೆಡಿಸುವುದೂ ಸರ್ಕಾರವೇ. ಜನ ನಕ್ಕರು. ಭೀಮಕ್ಕ ನಗಲಿಲ್ಲ. ಹೊಳೆಮತ್ತಿಯ ಬೇರು ದಂಡೆಯನ್ನು ಹೇಗೆ ಹಿಡಿಯುತ್ತದೆಂದು ಆಕೆ ಕಣ್ಣಾರೆ ಕಂಡವಳು. ಹಬ್ಬಿದ ಬೇರಿನ ಸಂದಿಯಲ್ಲಿ ಏಡಿ ಕೂಡ ತೂತು ಕೊರೆಯಲಾರದು. ತಾನೇ ಹೋಗಿ ಯೋಜನೆಯ ಸೂಪರ್‌ವೈಜರ್ ನಾಗೇಂದ್ರಪ್ಪನ ಮುಂದೆ ನಿಂತಳು.

"ಬೀಜ ಎಬ್ಬಿಸಾಕೆ ಬರ್ತದೆ ಸ್ವಾಮಿ ನಂಗೆ. ಆದ್ರೆ ಮೊದಲ್ನೇ ಸಾಲು ನಮ್ಮ ಹಿತ್ತಲ ಅಂಚಿಗೆ ಹಾಕ್ಬೇಕು."

ನಾಗೇಂದ್ರಪ್ಪ ಬಿಳಿ ಬುಶ್‌ಶರ್ಟಿನ, ಪೌಡರ್ ಘಮಲಿನ ಮನುಷ್ಯ. ಯಾರನ್ನೂ ಏಕವಚನದಲ್ಲಿ ಗದರಿದವನಲ್ಲ. "ಆಯ್ತು ಭೀಮಕ್ಕ. ಮೊದಲ್ನೇ ಸಾಲು ನಿಮ್ಮ ಹಿತ್ತಲಿಗೇ" ಎಂದ.

ಹೊಳೆಮತ್ತಿಯ ಕಾಯಿ ಐದು ರೆಕ್ಕೆಯ ಗಟ್ಟಿ ಪಿಂಡ. ಸುಮ್ಮನೆ ಮಣ್ಣಿಗೆ ಹಾಕಿದರೆ ಏಳುವುದಿಲ್ಲ. ಭೀಮಕ್ಕ ಅದನ್ನು ಸಗಣಿ ರಾಡಿಯಲ್ಲಿ ದಿನಗಟ್ಟಲೆ ನೆನೆಹಾಕಿದಳು. ರಾಡಿ ಹುಳಿತು, ಗುಳ್ಳೆ ಎದ್ದಿತು, ನೊಣ ಮುತ್ತಿತು. ಪಾರ್ಕಿಗೆ ಬಂದವರು ಮೂಗು ಮುಚ್ಚಿ ದೂರ ಸರಿದರೆ ಆಕೆ ಮೊಣಕೈವರೆಗೂ ಕೈ ಅದ್ದಿ ಕಾಯಿ ತಿರುವುತ್ತಿದ್ದಳು. ಅಡಿಕೆ ಸುಲಿಯುವ ಕಣಗಳಿಂದ ಸಿಪ್ಪೆ ಬೇಡಿ ತಂದು, ಕೊಳೆಸಿ, ಕೆಮ್ಮಣ್ಣಿಗೆ ಬೆರೆಸಿ, ಯೋಜನೆಯವರು ಕೊಟ್ಟ ಕರಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿದಳು. ಸಂಜೆ ಮನೆಗೆ ಬಂದರೆ ಅಜ್ಜಮ್ಮನ ಸ್ವಾಗತ: "ಸೀಗೇಕಾಯಿ ಹಚ್ಚಿ ತಿಕ್ಕೊಂಡು ಆಮೇಲೆ ಸೌಟು ಮುಟ್ಟೇ ಮಾರಾಯ್ತಿ. ಸಾರು ಸಗಣಿ ವಾಸ್ನಿ ಹೊಡಿತೈತೆ."

ಆ ವಾಸನೆ ಭೀಮಕ್ಕನಿಗೆ ಒಂದು ದಿನವೂ ಹೇಸಿಗೆ ಎನಿಸಲಿಲ್ಲ. ಮುನ್ನೂರು ಚಿಲ್ಲರೆ ಗಿಡ ಎದ್ದವು. ಮೇ ಹೊತ್ತಿಗೆ ಮೊಣಕಾಲೆತ್ತರ.

ಎಂಬತ್ತಮೂರರ ಜೂನ್ ಮೊದಲ ವಾರ ಚನ್ನಗಿರಿಯಲ್ಲಿ ಉದ್ಘಾಟನೆ. ಹಿಂದಿನ ದಿನ ಗುಣಿ ತೋಡಿಸಿ ಗಿಡ ಇಡಿಸುವಾಗ ಭೀಮಕ್ಕ ಚೀಲ ಹರಿಯಲು ಬೆರಳು ಹಾಕಿದಳು. ಯೋಜನೆಯ ಮೇಸ್ತ್ರಿ ಮುರುಗೇಶಪ್ಪ ಓಡಿ ಬಂದ.

"ಏಯ್, ಚೀಲ ಹರೀಬ್ಯಾಡ! ಚೀಲದ ಸಮೇತ ಇಡು."

"ಅಯ್ಯೋ, ಬೇರು ಉಸಿರುಕಟ್ಟಿ ಸಾಯ್ತಾವೆ ಕಣಣ್ಣ."

"ಇದು ಹಳೇ ಪ್ಲಾಸ್ಟಿಕ್ಕಲ್ಲ. ಹೊಸಾದು. ಮಳಿ ಬಿದ್ರೆ ಕರಗ್ತದೆ. ಡೆಲ್ಲಿಯಿಂದ ಬಂದೈತೆ."

"ಪ್ಲಾಸ್ಟಿಕ್ಕು ಎಲ್ಲಾರ ಕರಗ್ತದೇನು?"

"ಗೊಬ್ಬರದಂಗಡಿ ಯೂರಿಯಾ ಕರಗಲ್ವಾ? ಕಲ್ಲಿನಂಗೆ ಇರ್ತೈತೆ, ನೀರು ಸೋಕಿದ್ರೆ ಮಾಯ. ಇದೂ ಹಂಗೇ. ಓದಿದೋರು ಮಾಡ್ಯಾರೆ, ನೀನು ಸುಮ್ನಿರು."

ಭೀಮಕ್ಕ ಚೀಲವನ್ನು ಬೆರಳಲ್ಲಿ ಹೊಸಕಿ ನೋಡಿದಳು. ಯೂರಿಯಾ ಕರಗುವುದನ್ನು ಆಕೆ ಕಂಡಿದ್ದಳಲ್ಲ; ಅದನ್ನೂ ಮೊದಲ ಸಲ ನಂಬಿರಲಿಲ್ಲ. ಅನುಮಾನ ಪಡುತ್ತಿದ್ದ ಉಳಿದ ಹೆಂಗಸರಿಗೆ, ಓಣಿಯ ಲಕ್ಷ್ಮಮ್ಮನಿಗೆ ಸಹ, ಆಕೆಯೇ ತಿಳಿಹೇಳಿದಳು: "ಇದು ಕರಗೋ ಚೀಲ ಕಣ್ರೇ, ಹಂಗೇ ಇಡ್ರಿ." ಹಿತ್ತಿಲ ಅಂಚಿನ ಸಾಲನ್ನು ತನ್ನ ಕೈಯಾರೆ ಇಟ್ಟು, ಒಂದೊಂದು ಬುಡಕ್ಕೂ ಚಿಟಿಕೆ ಅರಿಶಿನ ಹಾಕಿದಳು. ಗಂಡನ ಮನೆಗೆ ಹೋಗುವ ಹೆಣ್ಣಿಗೆ ಅಷ್ಟಾದರೂ ಬೇಡವೇ?

ಉದ್ಘಾಟನೆ ಆಯಿತು, ಭಾಷಣ ಆಯಿತು, ಖಾರ ಮಂಡಕ್ಕಿ ಹಂಚಿದರು. ಮೂರನೇ ದಿನ ಬೆಳಿಗ್ಗೆ ಹಿತ್ತಲಿಗೆ ಬಂದ ಭೀಮಕ್ಕ ಖಾಲಿ ಗುಣಿಗಳಿಗೆ ಕೈ ಹಾಕಿ ನೋಡಿದಳು. ಗೇಟಿನ ಬಳಿಯ ಹತ್ತೆಂಟು ಗಿಡ ಬಿಟ್ಟರೆ ದಂಡೆಗೆ ದಂಡೆಯೇ ಬೋಳು. ಅಲ್ಲಲ್ಲಿ ಹರಿದ ಎಲೆ ಬಿದ್ದಿದ್ದವು.

"ಎಮ್ಮಿ ಮೇಯ್ದೈತೆ" ಎಂದ ಮುರುಗೇಶಪ್ಪ. "ಲಕ್ಷ್ಮಮ್ಮನ ಎಮ್ಮಿ. ನಾನೇ ನೋಡೀನಿ. ಬೇಲಿ ನುಗ್ಗಿ ಬಂದಿತ್ತು."

ಎಮ್ಮೆ ಎಲೆ ತಿಂದೀತು, ಬುಡ ಚೀಲ ಸಮೇತ ತಿಂದೀತೇ? ಅಷ್ಟು ಯೋಚಿಸುವ ವ್ಯವಧಾನ ಭೀಮಕ್ಕನಿಗಿರಲಿಲ್ಲ. ಸೆರಗು ಬಿಗಿದು ಲಕ್ಷ್ಮಮ್ಮನ ಬಾಗಿಲಿಗೆ ಹೋದವಳು ಓಣಿಯೇ ಹೊರಬಂದು ನೋಡುವಂತೆ ಬೈದಳು. ಎಮ್ಮೆಯನ್ನು ಬೈದು, ಎಮ್ಮೆ ಕಟ್ಟಿದವಳನ್ನು ಬೈದು, ಕಟ್ಟಿದವಳನ್ನು ಹೆತ್ತವಳನ್ನೂ ಬೈದಳು. ಲಕ್ಷ್ಮಮ್ಮ ಮೊದಲು ಅತ್ತಳು. ಆಮೇಲೆ "ನಿನ್ನ ಮನಿ ಹಳ್ಳಕ್ಕೆ ಹೋಗಾ!" ಎಂದು ಮಣ್ಣು ತೂರಿದಳು. ಅಂದಿನಿಂದ ಇಬ್ಬರೂ ನಲ್ಲಿಗೆ ಬೇರೆ ಬೇರೆ ಹೊತ್ತಿಗೆ ಹೋಗತೊಡಗಿದರು.

ಹದಿನೈದು ದಿನ ಕಳೆದು ನಾಗೇಂದ್ರಪ್ಪ ಹೇಳಿಕಳಿಸಿದ. ಜಗಳೂರಿನಲ್ಲೂ ಉದ್ಘಾಟನೆ, ಗಿಡ ಬೆಳೆಸಿದ ಹೆಂಗಸನ್ನು ನೋಡಬೇಕೆಂದು ಅಲ್ಲಿಗೆ ಬರುವ ದೊಡ್ಡ ಮನುಷ್ಯರು ಆಸೆಪಟ್ಟಿದ್ದಾರೆ, ಶಾಲು ಹೊದಿಸುತ್ತಾರೆ. ಭೀಮಕ್ಕ ಒಗೆದ ಸೀರೆ ಉಟ್ಟು, ಮುರುಗೇಶಪ್ಪನ ಜೊತೆ ದಾವಣಗೆರೆಗೆ ಹೋಗಿ ಬಸ್ಸು ಬದಲಿಸಿ ಜಗಳೂರು ಮುಟ್ಟುವಾಗ ಬಿಸಿಲೇರಿತ್ತು. ಅಲ್ಲಿನ ಪಾರ್ಕು ಹೊಸದು. ಹಳ್ಳದಲ್ಲಿ ನೀರಿನ ಬದಲು ಮರಳಿತ್ತು, ಮರಳಿನ ಮೇಲೆ ಜಾಲಿ.

ಗೇಟು ಕಾಯುತ್ತಿದ್ದ ಓಬಣ್ಣ, ತಲೆಗೆ ಟವಲು ಸುತ್ತಿದ ಒಣಕಲು ಮುದುಕ, ಆಕೆಯನ್ನು ಗಿಡಗಳ ಬಳಿ ಕರೆದೊಯ್ದ. ಮುರುಗೇಶಪ್ಪ ಶಾಮಿಯಾನದ ಕಡೆ ಹೋದ.

"ನಮ್ಮೂರ ಹಳ್ಳದಾಗೆ ನೀರು ನೋಡ್ಬೇಕಂದ್ರೆ ಕನಸಿನಾಗೇ ನೋಡ್ಬೇಕವ್ವ. ಅದಿರ್ಲಿ, ಗಿಡಕ್ಕೆ ಅಡಿಕೆಸಿಪ್ಪಿ ಹಾಕ್ಯಾರಲ್ಲ, ಯಾಕೆ? ನಮ್ಮ ಕಡೆ ಅಡಿಕೆ ಅಂದ್ರೆ ಬೀಡಾ ಅಂಗಡ್ಯಾಗೆ ಸಿಗೋದಷ್ಟೇ."

ಭೀಮಕ್ಕ ಬಗ್ಗಿದಳು. ಗುಣಿಯೊಳಗೆ ಕರಿ ಚೀಲ. ಚೀಲದ ಬಾಯಲ್ಲಿ ಕೊಳೆತ ಅಡಿಕೆಸಿಪ್ಪೆಯ ನಾರು, ಕೆಮ್ಮಣ್ಣು. ನಾಲ್ಕು ಗುಣಿ ದಾಟಿದರೆ ಮತ್ತೆ ಅದೇ. ಒಂದು ಬುಡದಲ್ಲಿ ಹಳದಿ ಕಲೆ ಇನ್ನೂ ಅಂಟಿತ್ತು.

"ಇವು ಎಲ್ಲಿಂದ ಬಂದ್ವಣ್ಣ?"

"ಲಾರ್ಯಾಗೆ. ಡ್ರೈವರು ಹೇಳ್ದ, ಹೊನ್ನಾಳ್ಯಾಗೆ ಮೂರು ದಿನ ಇದ್ವಂತೆ, ನ್ಯಾಮತ್ಯಾಗೆ ಎರಡು ದಿನ. ಅದಕ್ಕೂ ಮೊದ್ಲು ಚನ್ನಗಿರ್ಯಾಗೆ. ಹೆಣ್ಣು ತೋರಿಸಾಕೆ ಊರೂರು ತಿರುಗಿಸ್ತಾರಲ್ಲ, ಹಂಗೆ ತಿರುಗಿಸ್ಯಾರೆ. ಚೀಲ ಹರಿದಿದ್ರೆ ಮತ್ತೆ ಕೀಳಾಕೆ ಬರಲ್ವಲ್ಲವ್ವ."

ಭೀಮಕ್ಕ ಒಂದು ಗಿಡವನ್ನು ಮೇಲೆತ್ತಿ ಚೀಲ ಸೀಳಿದಳು. ಮೂರು ಮಳೆ ತಿಂದಿದ್ದ ಚೀಲ ಅಂಗಡಿಯಿಂದ ಬಂದ ದಿನದಷ್ಟೇ ನುಣ್ಣಗೆ ಮಿರುಗುತ್ತಿತ್ತು. ಒಳಗೆ ಬೇರುಗಳು ಹೊರದಾರಿ ಹುಡುಕಿ, ಗೋಡೆಗೆ ಮುಖ ತಿಕ್ಕಿ ತಿಕ್ಕಿ, ಒಂದನ್ನೊಂದು ಸುತ್ತಿಕೊಂಡು ಸಿಂಬೆಯಾಗಿದ್ದವು. ತುದಿ ಕಪ್ಪಾಗಿ ಲೋಳೆ ಸುರಿಯುತ್ತಿತ್ತು. ಅಲ್ಲಿಂದ ಗಪ್ಪನೆ ನಾತ ಎದ್ದಿತು. ತಿಂಗಳುಗಟ್ಟಲೆ ಹುಳಿತ ಸಗಣಿಯಲ್ಲಿ ಕೈ ಆಡಿಸಿದವಳು, ಎಂದೂ ಮುಖ ಕಿವುಚದವಳು, ಜಾಲಿಯ ಮರೆಗೆ ಓಡಿಹೋಗಿ ಬೆಳಗಿನ ರೊಟ್ಟಿಯನ್ನೆಲ್ಲ ಕಾರಿಕೊಂಡಳು. ಬಾಯಿ ಒರೆಸಿಕೊಳ್ಳುವಾಗ ಲಕ್ಷ್ಮಮ್ಮನ ಎಮ್ಮೆ ನೆನಪಾಯಿತು. ತನ್ನ ಬಾಯಿಂದ ಬಂದ ಮಾತೆಲ್ಲ ನೆನಪಾಯಿತು. "ಕರಗೋ ಚೀಲ ಕಣ್ರೇ" ಎಂದು ಸಾರಿದವಳು ಬೇರೆ ಯಾರೂ ಅಲ್ಲ, ತಾನೇ. ಮತ್ತೊಮ್ಮೆ ಕಾರಿಕೊಳ್ಳಲು ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ನಾಗೇಂದ್ರಪ್ಪ ಬಂದ. ಸೀಳಿದ ಚೀಲ ನೋಡಿದ, ಆಕೆಯ ಮುಖ ನೋಡಿದ. ಅವನ ದನಿ ಏರಲಿಲ್ಲ.

"ಭೀಮಕ್ಕ, ನಾಲ್ಕು ಊರಿಗಾಗೋಷ್ಟು ಗಿಡ ಎದ್ದೇ ಇಲ್ಲ. ಬೇರೆ ಊರಿನ ನರ್ಸರಿಯವರು ಕೈಕೊಟ್ಟರು. ನಾನೇನು ಮಾಡ್ಲಿ? ತಾರೀಖು ಗೊತ್ತಾಗಿತ್ತು."

"ಎಮ್ಮಿ ಮೇಯ್ತು ಅಂದ್ರಲ್ರೀ."

"ಅದು ಮೇಸ್ತ್ರಿ ಹೇಳಿದ್ದು. ಕೇಳಿ, ಇದೇ ಕೊನೇ ಕಾರ್ಯಕ್ರಮ. ಸಂಜೆ ಲಾರಿ ಚನ್ನಗಿರಿಗೇ ವಾಪಸ್ಸು. ಎಲ್ಲಾ ಗಿಡ ನಿಮ್ಮ ಹಿತ್ತಲಿಗೇ ಹಾಕಿಸ್ತೀನಿ, ದೇವರಾಣೆ. ಅಲ್ಲಿವರೆಗೆ ಚೀಲ ಮಾತ್ರ ಮುಟ್ಟಬೇಡಿ. ಹರಿದರೆ ಅವು ಇಲ್ಲೇ ಉಳಿತಾವೆ. ನಿಮ್ಮ ಗೋಡೆ ನಿಮ್ಮ ಕೈಯಲ್ಲೇ ಇದೆ."

ಶಾಮಿಯಾನದಲ್ಲಿ ಆಕೆಯನ್ನು 'ವನಮಾತೆ' ಎಂದು ಕರೆದರು. ಶಾಲು ಹೊದಿಸಿದರು, ಹಣೆಯ ಬೆವರು ಒರೆಸಿಕೊಳ್ಳಲೂ ಬಿಡದೆ ಕೈ ಜೋಡಿಸಿ ನಿಲ್ಲಿಸಿದರು. ದೊಡ್ಡ ಮನುಷ್ಯರು ಸೆಂಟು ಹಚ್ಚಿದ ಕರ್ಚೀಪು ಮೂಗಿಗೆ ಹಿಡಿದೇ ಒಂದು ಹಿಡಿ ಮಣ್ಣನ್ನು ಗುಣಿಗೆ ಉದುರಿಸಿದರು. ಅವರ ಕೈ ತೊಳೆಯಲು ಒಬ್ಬ ತಂಬಿಗೆ ಹಿಡಿದ, ಒಬ್ಬ ಸೋಪು, ಒಬ್ಬ ಟವಲು. ಮೂರು ತಂಬಿಗೆ ನೀರು ಅವರ ಬೆರಳಿಗೆ ಹೋಯಿತು. ಗಿಡಕ್ಕೆ ನೀರು ಹನಿಸುವುದು ಯಾರಿಗೂ ನೆನಪಾಗಲಿಲ್ಲ. ಸೋಪಿನ ನೊರೆ ಮಾತ್ರ ಹರಿದು ಅದರ ಬುಡಕ್ಕೆ ಇಳಿಯಿತು. ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರೂ ಪ್ರವಾಸಿ ಬಂಗಲೆಗೆ ಊಟಕ್ಕೆ ಹೋದರು. ಕೋಳಿಯಂತೆ, ಹೋಳಿಗೆಯಂತೆ, ಎರಡು ತಾಸಿಗೆ ಮೊದಲು ಮುಗಿಯುವ ಊಟವಲ್ಲವಂತೆ.

ಭೀಮಕ್ಕ ಶಾಲನ್ನು ಮಡಚಿ ಬೇಲಿಯ ಮೇಲೆ ಹಾಕಿ ಗುಣಿಗಳ ನಡುವೆ ನಿಂತಳು. ಆಕೆಗೆ ಲೆಕ್ಕ ಸ್ಪಷ್ಟವಾಗಿತ್ತು. ಚೀಲ ಹಾಗೇ ಬಿಟ್ಟರೆ ಗಿಡಗಳು ತನ್ನ ಹಿತ್ತಲಿಗೆ ಬರಬಹುದು, ನಾಗೇಂದ್ರಪ್ಪನ ದೇವರು ನಿಜವಾಗಿದ್ದರೆ. ಹರಿದರೆ ಇಲ್ಲೇ. ಜಗಳೂರಿನ ಈ ಮರಳುಹಳ್ಳದ ಮೇಲೆ ತನ್ನ ಮನೆಯೂ ಇಲ್ಲ, ತನ್ನವರ್ಯಾರೂ ಇಲ್ಲ. ಆದರೆ ಈ ಬೇರು ಇನ್ನೊಂದು ಸಲ ಲಾರಿ ಹತ್ತಿದರೆ ಇಳಿಯುವುದು ಹೆಣವಾಗಿಯೇ. ಹೆಣದ ಬೇರು ಯಾವ ಗೋಡೆಯನ್ನು ಹಿಡಿದೀತು?

"ಏನ್ ಯೋಚ್ನೆ ಮಾಡ್ತೀಯವ್ವ?" ಎಂದ, ನಾಗೇಂದ್ರಪ್ಪನ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಓಬಣ್ಣ.

"ಕುಡುಗೋಲು ಐತೇನಣ್ಣ?"

"ಐತೆ. ಮತ್ತೆ ನಿನ್ನ ಗೋಡಿ?"

"ನನ್ನ ಗೋಡಿ ಬೀಳ್ತೈತೋ ನಿಲ್ತೈತೋ, ಆ ಮೇಲಿನೋನಿಗೆ ಬಿಟ್ಟಿದ್ದು. ಇವನ್ನ ಇನ್ನೊಂದ್ಸಲ ಮೆರವಣಿಗಿ ಮಾಡ್ಸಾಕೆ ನಾ ಒಲ್ಲೆ. ಹೊಟ್ಟಿ ತೊಳಸ್ತೈತೆ ನಂಗೆ, ಅಣ್ಣಾ. ಬ್ಯಾರೆ ಏನೂ ಇಲ್ಲ."

ಓಬಣ್ಣ ಕುಡುಗೋಲು ತಂದ. ಕೂಲಿಗೆ ಬಂದಿದ್ದ ಐದಾರು ಹೆಂಗಸರನ್ನೂ ಕರೆದ. ಚೀಲ ಸೀಳುವುದು, ಕೊಳೆತ ತುದಿ ಚಿವುಟುವುದು, ಸಿಂಬೆ ಬಿಡಿಸಿ ಬೇರನ್ನು ನಾಲ್ಕು ದಿಕ್ಕಿಗೆ ಹರಡುವುದು, ಮಣ್ಣು ತುಳಿಯುವುದು. ಹೇಗೆಂದು ಭೀಮಕ್ಕ ಒಂದೆರಡು ಗಿಡದಲ್ಲಿ ತೋರಿಸಿದಳು. ಪೂರ್ತಿ ಸತ್ತಿದ್ದವನ್ನು ಬಿಸಾಕಿದರು. ಊಟ ಮುಗಿಸಿದವರು ಎಲೆಅಡಿಕೆ ಜಗಿಯುತ್ತಾ ಬರುವ ಹೊತ್ತಿಗೆ ಬೇಲಿಯ ಬದಿಗೆ ಕರಿ ಚೀಲಗಳ ಗುಡ್ಡೆ ಬಿದ್ದಿತ್ತು.

ನಾಗೇಂದ್ರಪ್ಪ ಗುಡ್ಡೆಯನ್ನು ಬೂಟುಗಾಲಿನಿಂದ ಮುಟ್ಟಿ ನೋಡಿದ. ಆಗಲೂ ಗದರಲಿಲ್ಲ. "ನಿಮ್ಮ ಕೈಯಾರೆ ಮಾಡ್ಕೊಂಡ್ರಿ, ಭೀಮಕ್ಕ" ಎಂದ. "ನಾಳೆಯಿಂದ ನರ್ಸರಿಗೆ ಬರೋದು ಬೇಡ." ಬೇಲಿಯ ಮೇಲಿದ್ದ ಶಾಲನ್ನು ಮುರುಗೇಶಪ್ಪ ಎತ್ತಿಕೊಂಡ. ಆಕೆಯನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬಂದವನು ಓಬಣ್ಣನೊಬ್ಬನೇ.

ಮಾರನೇ ದಿನ ಭೀಮಕ್ಕ ಲಕ್ಷ್ಮಮ್ಮನ ಬಾಗಿಲಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಲಕ್ಷ್ಮಮ್ಮ ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ.

"ತಪ್ಪಾತು ಕಣೇ ನಂದು" ಎಂದಳು ಭೀಮಕ್ಕ.

"ನಂಗ್ಯಾಕೆ ಹೇಳ್ತೀಯ? ಎಮ್ಮಿಗೆ ಹೇಳು. ಅದರ ಕಾಲು ಹಿಡಿ."

ಭೀಮಕ್ಕ ನಿಜವಾಗಿಯೂ ಬಗ್ಗಿ ಎಮ್ಮೆಯ ಕಾಲು ಮುಟ್ಟಿದಳು. ಲಕ್ಷ್ಮಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೂ ಮುಖ ಆ ಕಡೆ ತಿರುಗಿಸಿಕೊಂಡೇ ನಕ್ಕಳು.

ಜುಲೈ ನಡುವೆ ಮೂರು ದಿನ ಬಿಡದೆ ಮಳೆ ಹಿಡಿಯಿತು. ಎರಡನೇ ದಿನ ಭೀಮಕ್ಕ ಅತ್ತೆಯ ಬೈಗುಳಕ್ಕೆ ಕಿವಿಗೊಡದೆ ಅವಳನ್ನು ಮಗುವಿನಂತೆ ಎತ್ತಿ ಪಡಸಾಲೆಗೆ ತಂದು ಮಲಗಿಸಿದಳು. ಮೂರನೇ ದಿನ ಮಧ್ಯಾಹ್ನ, ಮುದ್ದೆ ತಿರುವುತ್ತಿದ್ದಾಗ, ಯಾರೋ ದೊಡ್ಡ ನಿಟ್ಟುಸಿರು ಬಿಟ್ಟಂತೆ ಸದ್ದಾಯಿತು. ತಿರುಗಿ ನೋಡಿದರೆ ಹಿಂಗೋಡೆ ಇರಲಿಲ್ಲ. ಮಂಚ ಇರಲಿಲ್ಲ. ಎಂಜಲೆಲೆ ತೇಲಿಸಿಕೊಂಡು ಕೆಂಪಗೆ ಹೋಗುತ್ತಿದ್ದ ಹಳ್ಳ ಒಲೆಯ ಮುಂದಿನಿಂದಲೇ ಕಾಣುತ್ತಿತ್ತು. ಅಜ್ಜಮ್ಮ ಬಹಳ ಹೊತ್ತು ಆ ಕಡೆ ನೋಡಿ, "ಗಾಳಿ ಚೆನ್ನಾಗಿ ಬರ್ತೈತೆ" ಎಂದಳು.

ಅದೇ ವಾರ ಜಗಳೂರು ಕಡೆಯ ಬಸ್ಸಿನ ಕಂಡಕ್ಟರನೊಬ್ಬ ಓಬಣ್ಣನ ಮಾತು ತಂದ: ಅರ್ಧಕ್ಕರ್ಧ ಹೋದವು, ಉಳಿದವು ಚಿಗುರುತ್ತಿವೆ. ಭೀಮಕ್ಕ ತಲೆ ಆಡಿಸಿದಳು.

ಎಂಟು ದಿನದ ಮೇಲೆ, ಮಳೆ ಹೊಳವಾಗಿ ಬಿಸಿಲು ಬಿದ್ದ ಒಂದು ಬೆಳಿಗ್ಗೆ, ನಾಗೇಂದ್ರಪ್ಪ ಫೋಟೋಗ್ರಾಫರನೊಬ್ಬನನ್ನು ಕರೆದುಕೊಂಡು ಹಳ್ಳದೋಣಿಗೆ ಬಂದ. ಅದೇ ಬುಶ್‌ಶರ್ಟು, ಅದೇ ಪೌಡರ್. ಬಿದ್ದ ಜಾಗ ನೋಡಿ ನಾಲಿಗೆ ಲೊಚಗುಟ್ಟಿದ.

"ಪಾಪ, ಎಂಥಾ ಅನ್ಯಾಯ! ಇದಕ್ಕೇ ನೋಡಿ ನಮ್ಮ ಯೋಜನೆ ಬೇಕು ಅನ್ನೋದು. ದಂಡೆ ಹೆಂಗೆ ಕುಸೀತಿದೆ ಅಂತ ಮೇಲಿನೋರಿಗೆ ತೋರಿಸಿದ್ರೆ ಎರಡನೇ ಹಂತಕ್ಕೆ ಗ್ರ್ಯಾಂಟು ಬರುತ್ತೆ. ಭೀಮಕ್ಕ, ಬನ್ನಿ, ಇಲ್ಲಿ ಬಂದು ಅಂಚಿನಲ್ಲಿ ನಿಲ್ಲಿ. ಮುಖ ಸ್ವಲ್ಪ ಬಾಡಿಸ್ಕೊಳ್ಳಿ."

ಭೀಮಕ್ಕ ಅವನ ಮುಖವನ್ನೇ ನೋಡಿದಳು. ಅದರಲ್ಲಿ ನಾಚಿಕೆಯ ಒಂದು ಗೆರೆಯನ್ನಾದರೂ ಹುಡುಕಿದಳು. ಕ್ಷೌರ ಮಾಡಿದ ನುಣುಪು ಕೆನ್ನೆ. ಅದರಿಂದ ಯಾವ ಮಳೆಯೂ ಏನನ್ನೂ ಕರಗಿಸಿ ಇಳಿಸುವಂತಿರಲಿಲ್ಲ.

"ಥೂ" ಎಂದಳು. ಜೋರಾಗಿಯೂ ಅಲ್ಲ.

"ಸರಿ, ಬೇಡ ಬಿಡಿ" ಎಂದ ನಾಗೇಂದ್ರಪ್ಪ. ಓಣಿಯ ಕಡೆ ತಿರುಗಿದ. "ಯಾರಾದ್ರೂ ಬನ್ರಮ್ಮ. ನರ್ಸರಿಯಲ್ಲಿ ಒಂದು ಜಾಗ ಖಾಲಿ ಇದೆ."

ಲಕ್ಷ್ಮಮ್ಮ ಸೆರಗು ಸರಿಮಾಡಿಕೊಳ್ಳುತ್ತಾ, ಭೀಮಕ್ಕನ ಕಣ್ಣು ತಪ್ಪಿಸಿ, ಅಂಚಿನತ್ತ ನಡೆದಳು. ಅವಳ ಎಮ್ಮೆಯ ಹಾಲು ಬತ್ತಿ ನಾಲ್ಕು ದಿನವಾಗಿತ್ತು. ಅವಳಿಗೆ ಏನೆನ್ನಲೂ ಭೀಮಕ್ಕನಿಗೆ ಮುಖವಿರಲಿಲ್ಲ.

ಆಕೆ ಮನೆಯೊಳಗೆ ಹೋಗಿ ಮುಂಬಾಗಿಲು ಹಾಕಿ ಅಗಳಿ ಜಡಿದಳು. ಹಾಗೇ ಬಾಗಿಲಿಗೆ ಒರಗಿ ಒಳಗೆ ತಿರುಗಿದರೆ ಎದುರಿಗೆ ಬಟ್ಟಂಬಯಲು. ಫೋಟೋಗ್ರಾಫರ್ ಹಳ್ಳದ ಮೇಲಿನ ಕಾಲುಸಂಕ ದಾಟಿ ಆಚೆ ದಂಡೆಯಲ್ಲಿ ನಿಂತಿದ್ದ. ಒಲೆ, ಮಡಕೆ, ಹಗ್ಗದ ಮೇಲಿನ ಹರಕು ಸೀರೆ, ಕಂಬಳಿಯೊಳಗಿನ ಮುದುಕಿ, ಎಲ್ಲ ಅವನ ಕಣ್ಣ ಮುಂದೆ ಹರವಿಟ್ಟಂತಿತ್ತು.

"ಒಳಗಿರೋ ಅಮ್ಮಾ, ಅಲ್ಲೇ ಇರ್ರಿ!" ಎಂದು ಅವನು ಕೂಗಿದ. "ಅಲ್ಲಾಡಬ್ಯಾಡ್ರಿ, ಭಾಳ ಚೆನ್ನಾಗಿ ಬರ್ತೈತೆ!"

"ಯಾರೇ ಅದು?" ಎಂದಳು ಅಜ್ಜಮ್ಮ.

ಭೀಮಕ್ಕ ಹೋಗಿ ಅತ್ತೆಗೂ ಹಳ್ಳಕ್ಕೂ ನಡುವೆ, ಹಳ್ಳದ ಕಡೆ ಬೆನ್ನು ಮಾಡಿ ಕೂತಳು. ಅವರಿಗೆ ಸಿಕ್ಕುವುದು ಬೆನ್ನಷ್ಟೇ ಆಗಲಿ. ಹಿಂದಿನಿಂದ ಕ್ಲಿಕ್ಕೆಂಬ ಸದ್ದು ಒಮ್ಮೆ ಕೇಳಿಸಿತು, ಮತ್ತೊಮ್ಮೆ ಕೇಳಿಸಿತು.